ವಯಸ್ಕರ ಮಿದುಳಿನ ಶ್ವೇತದ್ರವ್ಯ ರೋಗಗಳು: ಎಂ.ಆರ್.ಐ. ಬಿಂಬಗಳಲ್ಲಿ ಗುರುತಿಸುವ ಬಗೆ

ಮಿದುಳಿನ ಒಳಭಾಗವನ್ನು ತುಂಬಿರುವ ಶ್ವೇತದ್ರವ್ಯವು ನರಕೋಶಗಳಿಂದ ಹೊರಟ ತಂತುಗಳ ಸಮೂಹ. ತಂತುಗಳನ್ನು ಸುತ್ತಿರುವ ಮಯಲಿನ್ ಎಂಬ ಮೇದಸ್ಸಿನ ಕವಚವೇ ಅದರ ಬಿಳುಪಿಗೆ ಕಾರಣ. ಈ ಕವಚ ಹಾಳಾದೆಡೆ ನೀರಿನಂಶ ಹೆಚ್ಚುವುದರಿಂದ ಎಂ.ಆರ್.ಐ.ಯ ಟಿ2 ಮತ್ತು ಫ್ಲೇರ್ ಬಿಂಬಗಳಲ್ಲಿ ಆ ತಾಣವು ಬೆಳ್ಳಗೆ ಹೊಳೆಯುತ್ತದೆ. ತೊಡಕಿರುವುದು ಇಲ್ಲಿಯೇ. ಸಣ್ಣ ರಕ್ತನಾಳಗಳ ಸವೆತ, ಮಲ್ಟಿಪಲ್ ಸ್ಕ್ಲೆರೋಸಿಸ್, ವೈರಾಣು ಸೋಂಕು, ಕಡೆಗೆ ಮೈಗ್ರೇನ್ ತಲೆನೋವು ಕೂಡ ಮೂಡಿಸುವುದು ಅದೇ ಬಿಳಿ ಮಚ್ಚೆಯನ್ನು. ಆದುದರಿಂದ ಮಚ್ಚೆಗಳ ಸಂಖ್ಯೆಗಿಂತ ಅವುಗಳ ನೆಲೆ ಮತ್ತು ಆಕಾರಗಳೇ ಮುಖ್ಯವೆನ್ನಬೇಕು.

ವೃದ್ಧರಲ್ಲಿ, ಅದರಲ್ಲಿಯೂ ರಕ್ತದೊತ್ತಡ ಉಳ್ಳವರಲ್ಲಿ, ಕಾಣುವ ಮಚ್ಚೆಗಳು ಬಹುಪಾಲು ಸಣ್ಣ ರಕ್ತನಾಳಗಳ ರೋಗದವು. ಅವು ಎರಡೂ ಪಾರ್ಶ್ವಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಹರಡಿರುತ್ತವೆ. ಹೊರಪದರಕ್ಕೆ ಅಂಟಿದ ಯು-ತಂತುಗಳು ಸಾಮಾನ್ಯವಾಗಿ ಉಳಿದಿರುತ್ತವೆ. 1987ರಲ್ಲಿ ಫ್ರಾನ್ಸ್ ಫಜೇಕಾಸ್ ಮತ್ತು ಸಂಗಡಿಗರು ರೂಪಿಸಿದ, ಸೊನ್ನೆಯಿಂದ ಮೂರರವರೆಗಿನ ಮಾಪನ ಇಂದಿಗೂ ಬಳಕೆಯಲ್ಲಿದೆ. ಅದು ತೀವ್ರತೆಯನ್ನು ತಿಳಿಸುತ್ತದೆಯೇ ಹೊರತು ಕಾರಣವನ್ನಲ್ಲ.

ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಮಚ್ಚೆಗಳದು ಬೇರೆಯೇ ರೀತಿ. ಅಂಡಾಕಾರದ ಅವು ಪಾರ್ಶ್ವಕುಹರಗಳ ಗೋಡೆಗೆ ಲಂಬವಾಗಿ ನಿಂತಿರುತ್ತವೆ. ಎಡಿನ್‌ಬರೊದ ಜೇಮ್ಸ್ ಡಾಸನ್ 1916ರಲ್ಲಿ, ಮೃತರ ಮಿದುಳುಗಳಲ್ಲಿ ಅಭಿಧಮನಿಗಳ ಗುಂಟ ಹಬ್ಬಿದ ಹಾನಿಯನ್ನು ಸೂಕ್ಷ್ಮದರ್ಶಕದಡಿ ವರ್ಣಿಸಿದ್ದರು. ಬದುಕಿರುವವರಲ್ಲಿ ಈ ರೋಗದ ಮಚ್ಚೆಗಳನ್ನು ಎಂ.ಆರ್.ಐ. ತೋರಿಸಿದ್ದು 1981ರಲ್ಲಿ. ಕುಹರದಿಂದ ಹೊರಚಾಚಿದ ಆ ಆಕೃತಿಗಳಿಗೆ ‘ಡಾಸನ್ ಬೆರಳುಗಳು’ ಎಂಬ ಹೆಸರು ನಿಂತಿತು. ಇಂದಿನ ಪ್ರಬಲ ಯಂತ್ರಗಳು ಮಚ್ಚೆಯ ನಡುವೆ ಹಾಯುವ ಅಭಿಧಮನಿಯನ್ನೇ ಕಾಣಿಸುತ್ತವೆ. ಹೊರಪದರದ ಅಂಚು, ಮಿದುಳುಕಾಂಡ, ಬೆನ್ನುಹುರಿಗಳೂ ಈ ರೋಗದ ನೆಲೆಗಳೇ.

ಇನ್ನು ಕೆಲವನ್ನು ನೆಲೆಯಿಂದಲೇ ಊಹಿಸಬಹುದು. ಟೆಂಪೊರಲ್ ಹಾಲೆಯ ಮುಂತುದಿ ಬೆಳ್ಳಗಾಗಿದ್ದರೆ, ಕುಟುಂಬದಲ್ಲಿ ಪಾರ್ಶ್ವವಾಯುವಿನ ಇತಿಹಾಸವಿದ್ದರೆ, ನಾಚ್3 ಜೀನಿನ ದೋಷದಿಂದ ಬರುವ ಕ್ಯಾಡಸಿಲ್ ಎಂಬ ಆನುವಂಶಿಕ ರೋಗವನ್ನು ನೆನೆಯಬೇಕು. ಎಚ್.ಐ.ವಿ. ಸೋಂಕಿತರಲ್ಲಿ ಅಥವಾ ನಟಾಲಿಜುಮಾಬ್ ಪಡೆಯುತ್ತಿರುವವರಲ್ಲಿ ಯು-ತಂತುಗಳನ್ನೂ ಒಳಗೊಂಡ, ಅಸಮವಾದ ಮಚ್ಚೆ ಹೊಸದಾಗಿ ಕಂಡರೆ ಜೆ.ಸಿ. ವೈರಾಣುವಿನ ಶಂಕೆ ಮೊದಲು ಬರಬೇಕು. ಅಲ್ಲಿ ವಿಳಂಬ ಪ್ರಾಣಾಂತಿಕ.

ತಪ್ಪು ಹೆಸರಿನ ಬೆಲೆ ಚಿಕ್ಕದಲ್ಲ. ನ್ಯೂರೋಮಯಲೈಟಿಸ್ ಆಪ್ಟಿಕ ರೋಗವನ್ನು ಬಹುಕಾಲ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಒಂದು ಪ್ರಭೇದವೆಂದೇ ಹಲವರು ಎಣಿಸಿದ್ದರು. 2004ರಲ್ಲಿ ಅದರ ಪ್ರತಿಕಾಯ ಪತ್ತೆಯಾದ ಮೇಲೆ ಅದು ಬೇರೆಯೇ ರೋಗವೆಂದು ಸ್ಪಷ್ಟವಾಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಹಿತವಾದ ಇಂಟರ್‌ಫೆರಾನ್ ಬೀಟಾ ನ್ಯೂರೋಮಯಲೈಟಿಸ್ ಆಪ್ಟಿಕ ರೋಗವನ್ನು ಕೆರಳಿಸಬಲ್ಲದು. ಮೈಗ್ರೇನ್ ಉಳ್ಳ ತರುಣಿಯ ನಾಲ್ಕಾರು ಚುಕ್ಕೆಗಳನ್ನು ಕಂಡು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಬರೆದುಬಿಡುವ ವರದಿಯೂ ಅಷ್ಟೇ ಅಪಾಯಕಾರಿ. ಆಕೆ ವರ್ಷಗಟ್ಟಲೆ ಬೇಡದ ಔಷಧಿ ಸೇವಿಸಬೇಕಾದೀತು. ಇಂಥ ಸಂದೇಹವಿದ್ದಾಗ ಬೆನ್ನುಹುರಿಯ ಬಿಂಬವನ್ನೂ ತೆಗೆಸುವುದು ಯುಕ್ತ. ಮೈಗ್ರೇನ್ ಆಗಲಿ ವಯಸ್ಸಾಗಲಿ ಅಲ್ಲಿ ಮಚ್ಚೆ ಮೂಡಿಸುವುದಿಲ್ಲ.