‘ಸರಸರ’ದಲ್ಲಿ ಸರವಿಲ್ಲ!

‘ಬೇಗ ಬೇಗ’, ‘ಸರಸರ’, ‘ಹಾಲುಗೀಲು’. ಮೇಲ್ನೋಟಕ್ಕೆ ಮೂರರಲ್ಲೂ ಅಕ್ಷರಗಳು ಮರುಕಳಿಸುತ್ತವೆ. ವ್ಯಾಕರಣದಲ್ಲಿ ಮಾತ್ರ ಮೂರೂ ಬೇರೆ ಬೇರೆ. ಪಟ್ಟಿಯನ್ನಷ್ಟೇ ಬಾಯಿಪಾಠ ಮಾಡಿದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಎಡವುವುದು ಇಲ್ಲಿಯೇ.

ಇದಕ್ಕೊಂದು ಸರಳ ಉಪಾಯವಿದೆ. ಪದವನ್ನು ಎರಡಾಗಿ ಒಡೆದು, ಮೊದಲರ್ಧವನ್ನು ಮಾತ್ರ ವಾಕ್ಯದಲ್ಲಿಟ್ಟು ಓದಿಸಬೇಕು. ‘ಬೇಗ ಬಾ’ ಎಂದರೆ ಅರ್ಥ ಉಳಿಯುತ್ತದೆ, ಆತುರವಷ್ಟೇ ತಗ್ಗುತ್ತದೆ. ಇದು ದ್ವಿರುಕ್ತಿ. ‘ಸರ ನಡೆದಳು’ ಎಂದರೆ ವಾಕ್ಯವೇ ಕುಸಿಯುತ್ತದೆ. ಕೊರಳ ಸರಕ್ಕೂ ಈ ನಡಿಗೆಗೂ ಸಂಬಂಧವಿಲ್ಲ. ಇದು ಅನುಕರಣಾವ್ಯಯ, ಜುಳುಜುಳು, ಧಗಧಗ ಇದೇ ಗುಂಪಿನವು. ‘ಹಾಲುಗೀಲು’ವಿನ ‘ಗೀಲು’ವಿಗೆ ಪ್ರತ್ಯೇಕ ಅರ್ಥವಿಲ್ಲ; ಜೊತೆಗೂಡಿದಾಗ ‘ಹಾಲು ಮೊದಲಾದವು’ ಎಂಬ ಭಾವ ಬರುತ್ತದೆ. ಇದು ಜೋಡುನುಡಿ.

ಕೆಲವು ದ್ವಿರುಕ್ತಿಗಳು ವೇಷ ಮರೆಸಿಕೊಂಡಿರುತ್ತವೆ. ‘ಮೊದಲು ಮೊದಲು’ ಎಂಬುದು ‘ಮೊತ್ತಮೊದಲು’, ‘ನಡುವೆ ನಡುವೆ’ ಎಂಬುದು ‘ನಟ್ಟನಡುವೆ’, ‘ಕಡೆಗೆ ಕಡೆಗೆ’ ಎಂಬುದು ‘ಕಟ್ಟಕಡೆಗೆ’ ಆಗುತ್ತದೆ. ಇವನ್ನು ಮೂಲರೂಪದೊಡನೆ ಜೋಡಿಸಿಯೇ ತೋರಿಸಬೇಕು.

ಇಂಥ ಪದಗಳಿಲ್ಲದೆ ಮನೆಮಾತು ಒಂದು ದಿನವೂ ಸಾಗದು. ಮಕ್ಕಳು ಆಡುವ ಮಾತಿನಿಂದಲೇ ಉದಾಹರಣೆ ಹೆಕ್ಕಿಸಿ, ಪಾರಿಭಾಷಿಕ ಹೆಸರನ್ನು ಕೊನೆಗೆ ಹೇಳಿದರೆ ವ್ಯಾಕರಣ ಹೊರೆಯೆನಿಸದು, ಅಂಕವೂ ಕೈತಪ್ಪದು.