ಗಡಾಯಿಕಲ್ಲು ಚಾರಣ ಮಾರ್ಗ

ಗಡಾಯಿಕಲ್ಲು ಚಾರಣ ಮಾರ್ಗವು ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕಿನಲ್ಲಿರುವ ಜಮಾಲಾಬಾದ್ ಕೋಟೆಗೆ ಏರುವ ಕಲ್ಲಿನ ಮೆಟ್ಟಿಲ ದಾರಿ. ಕೋಟೆಯು ಸುಮಾರು 1,700 ಅಡಿ ಎತ್ತರದ ಏಕಶಿಲಾ ಬೆಟ್ಟದ ಮೇಲಿದೆ. ಬೆಟ್ಟಕ್ಕೆ ನರಸಿಂಹಗಡ ಎಂಬ ಹೆಸರೂ ಉಂಟು.

ಇತಿಹಾಸ

ಇಲ್ಲಿದ್ದ ಹಳೆಯ ಕೋಟೆಯ ನೆಲೆಯಲ್ಲಿ ಟಿಪ್ಪು ಸುಲ್ತಾನನು 1794ರಲ್ಲಿ ಹೊಸ ಕೋಟೆಯನ್ನು ಕಟ್ಟಿಸಿ, ತನ್ನ ತಾಯಿ ಜಮಾಲಾಬಿಯ ಹೆಸರನ್ನು ಇಟ್ಟನೆಂದು ಹೇಳಲಾಗುತ್ತದೆ. ನಾಲ್ಕನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ ಟಿಪ್ಪು ಮಡಿದ ಬಳಿಕ, 1799ರಲ್ಲಿ ಇದು ಬ್ರಿಟಿಷರ ವಶವಾಯಿತು. ಸ್ವಲ್ಪ ಕಾಲದಲ್ಲೇ ತಿಮ್ಮ ನಾಯಕನೆಂಬ ಬಂಡಾಯಗಾರನು ಅದನ್ನು ಹಠಾತ್ತನೆ ವಶಪಡಿಸಿಕೊಂಡನು. ಬ್ರಿಟಿಷರು ಕೆಲವು ತಿಂಗಳು ದಿಗ್ಬಂಧನ ವಿಧಿಸಿ 1800ರಲ್ಲಿ ಮರಳಿ ಪಡೆದರು.

ಮಾರ್ಗದ ಸ್ವರೂಪ

ಮೇಲೇರಲು ಇರುವುದು ಒಂದೇ ಇಕ್ಕಟ್ಟಾದ ದಾರಿ. ಬಂಡೆಯಲ್ಲೇ ಕಡೆದ ಮೆಟ್ಟಿಲುಗಳು ಸುಮಾರು 1,800. ಶತ್ರುಸೇನೆ ಎಷ್ಟೇ ದೊಡ್ಡದಿದ್ದರೂ ಸಾಲಾಗಿ ಏರಬೇಕಾದುದರಿಂದ, ಮೇಲಿರುವ ಕೆಲವೇ ಜನರು ಅದನ್ನು ತಡೆಯಬಹುದಿತ್ತು. ಅದೇ ದಾರಿ ಕೋಟೆಯೊಳಗಿನವರಿಗೂ ಕಟ್ಟು ಹಾಕುತ್ತಿತ್ತು: ಕೆಳಗೆ ಕಾವಲು ನಿಂತರೆ ಧಾನ್ಯ ತರುವುದು ಅಸಾಧ್ಯ. ನೇರ ದಾಳಿಗಿಂತ ದಿಗ್ಬಂಧನವೇ ಇಂತಹ ಕೋಟೆಗೆ ತಕ್ಕ ಉಪಾಯವಾದುದು ಆಶ್ಚರ್ಯವಲ್ಲ. ಶಿಖರದಲ್ಲಿ ಮಳೆನೀರಿನ ಕೆರೆ, ಉಗ್ರಾಣದ ಅವಶೇಷ ಮತ್ತು ಒಂದು ಫಿರಂಗಿ ಉಳಿದಿವೆ.

ಯುದ್ಧಕಾಲದ ಪರ್ವತಮಾರ್ಗಗಳು ಚಾರಣಪಥಗಳಾದ ಉದಾಹರಣೆ ಯುರೋಪಿನಲ್ಲಿಯೂ ಇದೆ. ಮೊದಲನೇ ಮಹಾಯುದ್ಧದಲ್ಲಿ, 1915ರಿಂದ, ಇಟಲಿ ಮತ್ತು ಆಸ್ಟ್ರಿಯಾ-ಹಂಗೇರಿಯ ಸೈನಿಕರು ಡೊಲೊಮೈಟ್ ಪರ್ವತಗಳಲ್ಲಿ ಹಗ್ಗ, ಕಬ್ಬಿಣದ ಗೂಟ ಮತ್ತು ಏಣಿಗಳನ್ನು ಬಂಡೆಗೆ ಬಿಗಿದರು. 'ಕಬ್ಬಿಣದ ದಾರಿ' ಎಂಬ ಅರ್ಥದ ವಿಯಾ ಫೆರಾಟಾ ಎಂದು ಕರೆಯಲ್ಪಡುವ ಅಂಥ ಮಾರ್ಗಗಳಲ್ಲಿ ಈಗ ಉಕ್ಕಿನ ಹಗ್ಗವಿದ್ದು, ಚಾರಣಿಗರು ಸೊಂಟಪಟ್ಟಿಯನ್ನು ಅದಕ್ಕೆ ಕೊಂಡಿಯಿಂದ ಸಿಕ್ಕಿಸಿಕೊಂಡು ನಡೆಯುತ್ತಾರೆ. ಗಡಾಯಿಕಲ್ಲಿನಲ್ಲಿ ಅಂಥ ಆಧಾರಕ್ಕಿಂತ ಮೆಟ್ಟಿಲೇ ಮುಖ್ಯ.

ಚಾರಣ

ಬೆಟ್ಟವು ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿರುವುದರಿಂದ ಅರಣ್ಯ ಇಲಾಖೆಯ ಅನುಮತಿ ಅಗತ್ಯ. ಶಿರ್ವದ ಕಡೆಯಿಂದ ಬರುವವರು ಬೆಳ್ಮಣ್, ಕಾರ್ಕಳ ಮತ್ತು ಗುರುವಾಯನಕೆರೆಯ ಮೂಲಕ ಬೆಳ್ತಂಗಡಿ ತಲುಪಬಹುದು. ಅಲ್ಲಿಂದ ಬೆಟ್ಟದ ಬುಡಕ್ಕೆ ಸುಮಾರು 8 ಕಿ.ಮೀ. ಮಳೆಗಾಲದಲ್ಲಿ ಹಾವಸೆಗಟ್ಟಿದ ಮೆಟ್ಟಿಲುಗಳು ಜಾರುತ್ತವೆ. ಬೇಸಿಗೆಯಲ್ಲಿ ನೆರಳಿಲ್ಲದ ಬಂಡೆ ಬೇಗ ಕಾಯುತ್ತದೆ. ಆದ್ದರಿಂದ ಚಳಿಗಾಲದ ಮುಂಜಾನೆಯೇ ಅನುಕೂಲಕರ. ಕುಡಿಯುವ ನೀರನ್ನು ಕೆಳಗಿನಿಂದಲೇ ಒಯ್ಯಬೇಕು.