ಗಾಡಿಗೆ ಮೈಲೇಜು ಇದೆ, ಮೈಗೂ ಇದೆ

ಹೊಸ ಬೈಕು ಮನೆಗೆ ಬಂದ ದಿನ ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆ ಒಂದೇ: "ಮೈಲೇಜು ಎಷ್ಟು ಕೊಡುತ್ತೆ?" ಲೀಟರಿಗೆ ಐವತ್ತೋ ಅರವತ್ತೋ ಎಂದು ನಾವೂ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆ ಬೈಕಿನ ಮೇಲೆ ಕೂರುವ ಮೈ ದಿನಕ್ಕೆ ಎಷ್ಟು ಕಿಲೋಮೀಟರ್ ಕೊಡುತ್ತದೆ ಎಂದು ಯಾರೂ ಕೇಳುವುದಿಲ್ಲ. ನಾವೂ ಕೇಳಿರಲಿಲ್ಲ. ಕೇಳದೆ ಹೊರಟ ಒಂದು ರಾತ್ರಿ ನಮಗೆ ಕಲಿಸಿದ ಪಾಠವನ್ನು ಧರ್ಮಕೇಂದ್ರದ ಕುಟುಂಬಗಳೊಂದಿಗೆ ಹಂಚಿಕೊಳ್ಳೋಣ ಎಂದು ಈ ಬರಹ.

ಆ ರಾತ್ರಿ

ಆಗಸ್ಟ್ 29ರಂದು ವೇಲಾಂಕಣಿಯಲ್ಲಿ ಧ್ವಜಾರೋಹಣವಾಗುತ್ತದೆ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮದಿನದಂದು ಹಬ್ಬ. ಆ ದಿನಗಳಲ್ಲಿ ಹೊಸೂರು ಸೀಮೆಯ ನಮ್ಮವರಲ್ಲಿ ಕೆಲವರು ನಡೆದು ಹೋಗುತ್ತಾರೆ, ಕೆಲವರು ಬಸ್ಸು ರೈಲು ಹಿಡಿಯುತ್ತಾರೆ. ಈಗೀಗ ಬೈಕಿನಲ್ಲಿ ಹೋಗುವವರೇ ಹೆಚ್ಚು. ಕೆಲವು ವರ್ಷಗಳ ಹಿಂದೆ ನಾವೂ ಹಾಗೆಯೇ ಹೊರಟೆವು. ಐದು ಬೈಕು, ಹತ್ತು ಜನ. ಗಂಡ ಹೆಂಡತಿಯರ ಮೂರು ಜೋಡಿ, ಒಬ್ಬ ಹುಡುಗ ಮತ್ತು ಅವನ ಅಕ್ಕ, ಇನ್ನೊಬ್ಬ ಹುಡುಗ ಮತ್ತು ಅವನ ಮಾವ.

ಹೊಸೂರಿನಿಂದ ವೇಲಾಂಕಣಿಗೆ ಸುಮಾರು 460 ಕಿಲೋಮೀಟರ್. ನಮ್ಮ ಲೆಕ್ಕ ಬಹಳ ಸುಲಭವಾಗಿತ್ತು. ಗಂಟೆಗೆ 60ರಂತೆ ಓಡಿಸಿದರೆ ಎಂಟು ಗಂಟೆಯೂ ಬೇಡ. ಶುಕ್ರವಾರ ಪಾಳಿ ಮುಗಿಸಿ ರಾತ್ರಿ ಒಂಬತ್ತಕ್ಕೆ ಹೊರಟರೆ ಶನಿವಾರ ಬೆಳಗಿನ ಬಲಿಪೂಜೆಗೆ ಆರೋಗ್ಯಮಾತೆಯ ಮುಂದೆ ಇರುತ್ತೇವೆ! ರಜೆಯೂ ಉಳಿಯಿತು, ಲಾಡ್ಜಿನ ಖರ್ಚೂ ಉಳಿಯಿತು.

ತಿರುಚ್ಚಿ ದಾಟಿದಾಗ ಬೆಳಗಿನ ಜಾವ ಐದರ ಹೊತ್ತು. ನಾಲ್ಕನೆಯ ಬೈಕು ಸದ್ದಿಲ್ಲದೆ ಎಡಕ್ಕೆ ವಾಲಿ, ಡಾಂಬರು ಬಿಟ್ಟು ಮಣ್ಣಿಗಿಳಿದು ಮಗುಚಿತು. ಓಡಿಸುತ್ತಿದ್ದ ಹುಡುಗನಿಗೆ ಬಿದ್ದ ಮೇಲೆಯೇ ಎಚ್ಚರ. ಹಿಂದೆ ಕೂತಿದ್ದ ಅವನ ಅಕ್ಕನಿಗೆ ಮೊಣಕೈ, ಮಂಡಿ ತರಚಿತ್ತು. ಇಬ್ಬರೂ ಹೆಲ್ಮೆಟ್ ಹಾಕಿದ್ದರು, ದೇವರು ದೊಡ್ಡವರು. ಆದರೆ ನಮ್ಮ ಕೈಕಾಲು ನಡುಗಿಸಿದ್ದು ಬೇರೆ. ಬೈಕು ಬಿದ್ದ ಜಾಗದಿಂದ ಹತ್ತೇ ಹೆಜ್ಜೆ ಮುಂದೆ, ಕಾವಿ ಬಟ್ಟೆ ಉಟ್ಟ ಹರಕೆಯವರ ಗುಂಪೊಂದು ರಸ್ತೆ ಬದಿಯಲ್ಲಿ ಕೂತು ದಣಿವಾರಿಸಿಕೊಳ್ಳುತ್ತಿತ್ತು. ಎಷ್ಟೋ ದಿನಗಳಿಂದ ಬರಿಗಾಲಲ್ಲಿ ನಡೆದು ಬಂದಿದ್ದವರು. ಅವರಲ್ಲೇ ಒಬ್ಬ ವಯಸ್ಸಾದ ತಾಯಿ ಓಡಿ ಬಂದು ನಮ್ಮ ಹುಡುಗನ ತಲೆ ಸವರಿ ನೀರು ಕುಡಿಸಿದರು.

ವೇಲಾಂಕಣಿ ಮುಟ್ಟಿದಾಗ ಗಂಟೆ ಹತ್ತು. ಮುಂದಿನ ಬಲಿಪೂಜೆಗೆ ಕೂತೆವು. ಪ್ರಬೋಧನೆಯಲ್ಲಿ ಗುರುಗಳು ಏನು ಹೇಳಿದರೋ ನಮಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಪರಮಪ್ರಸಾದದ ಸಾಲು ಮುಗಿದಿತ್ತು. ಅಷ್ಟು ದೂರ ಹೋಗಿ ನಾವು ಮಾಡಿದ್ದು ನಿದ್ದೆ.

ಯಕೋಬನ ಲೆಕ್ಕ

ಊರಿಗೆ ಬಂದ ಮೇಲೆ ನಮ್ಮ ಧರ್ಮಕೇಂದ್ರದ ಗುರುಗಳ ಮುಂದೆ ಎಲ್ಲ ಹೇಳಿಕೊಂಡೆವು. ಅವರು ಬೈಯಲಿಲ್ಲ. ಆದಿಕಾಂಡದ 33ನೆಯ ಅಧ್ಯಾಯ ಓದಿಕೊಂಡು ಬನ್ನಿ ಎಂದರು.

ಇಪ್ಪತ್ತು ವರ್ಷ ದೂರವಿದ್ದ ಯಕೋಬ ತನ್ನ ಅಣ್ಣ ಏಸಾವನನ್ನು ಭೇಟಿಯಾಗುವ ಪ್ರಸಂಗ ಅದು. ಏಸಾವನ ಜೊತೆ ನಾನೂರು ಜನ. ಬಾ, ಜೊತೆಯಾಗಿ ಹೋಗೋಣ ಎಂದು ಅವನು ಕರೆಯುತ್ತಾನೆ. ಯಕೋಬ ನಯವಾಗಿ ಬೇಡ ಎನ್ನುತ್ತಾನೆ. ತನ್ನ ಮಕ್ಕಳು ಎಳೆಯರು, ಹಾಲೂಡಿಸುವ ಕುರಿ ದನಗಳಿವೆ, ಒಂದೇ ಒಂದು ದಿನ ಅತಿಯಾಗಿ ಓಡಿಸಿದರೂ ಮಂದೆ ಸತ್ತುಹೋಗುತ್ತದೆ. ಅಣ್ಣ ಮುಂದೆ ಹೋಗಲಿ, ತಾನು ಮಂದೆಯ ಮತ್ತು ಮಕ್ಕಳ ನಡಿಗೆಗೆ ತಕ್ಕಂತೆ ಬರುತ್ತೇನೆ ಎನ್ನುತ್ತಾನೆ.

ಎಷ್ಟೋ ಸಲ ಕೇಳಿದ ಕಥೆ. ಆದರೆ ದಿನಕ್ಕೆ ಎಷ್ಟು ದೂರ ಎನ್ನುವುದನ್ನು ಗುಂಪಿನಲ್ಲಿ ಗಟ್ಟಿಯಾಗಿರುವವರು ನಿರ್ಧರಿಸಬಾರದು, ಬೇಗ ದಣಿಯುವವರನ್ನು ನೋಡಿ ನಿರ್ಧರಿಸಬೇಕು ಎಂಬ ಮಾತು ಅದರಲ್ಲಿದೆ ಎಂದು ನಮಗೆ ಹೊಳೆದದ್ದು ಆವತ್ತೇ. ನಮ್ಮ ಗುಂಪಿನಲ್ಲಿ ಬೇಗ ದಣಿಯುವವರು ಹಿಂದೆ ಕೂತವರು. ಓಡಿಸುವವನಿಗೆ ಹಿಡಿಯಲು ಹ್ಯಾಂಡಲ್ ಇದೆ, ನೋಡಲು ರಸ್ತೆ ಇದೆ. ಹಿಂದೆ ಕೂತವರಿಗೆ ಮುಂದಿನವನ ಬೆನ್ನು ಮತ್ತು ಪ್ರತಿ ಹಳ್ಳದ ಪೆಟ್ಟು. ಅವರನ್ನು ನಾವು ಕೇಳಿಯೇ ಇರಲಿಲ್ಲ.

ದಿನದ ಲೆಕ್ಕ ಹೇಗೆ?

ಮರುವರ್ಷ ಹೊರಡುವ ಮುನ್ನ ಹತ್ತೂ ಜನ ಒಂದು ಸಂಜೆ ಕೂತು ಲೆಕ್ಕ ಹಾಕಿದೆವು.

ಮೊದಲನೆಯದು ಸರಾಸರಿ ವೇಗ. ಮೀಟರಿನಲ್ಲಿ 60 ತೋರಿಸಿದರೂ ಊರುಗಳು, ಸಿಗ್ನಲ್ಲು, ಲಾರಿಗಳ ಸಾಲು, ರಸ್ತೆ ಕೆಲಸ ಎಲ್ಲ ಸೇರಿ, ಇಬ್ಬರು ಕೂತ 100-125 ಸಿಸಿ ಬೈಕು ಗಂಟೆಗೆ 40 ಕಿಲೋಮೀಟರ್ ಕ್ರಮಿಸಿದರೆ ಹೆಚ್ಚು. ನಮ್ಮ ಮೊದಲ ಲೆಕ್ಕ ತಪ್ಪಿದ್ದು ಇಲ್ಲೇ. ವೇಗ ಹೆಚ್ಚಿಸಿದರೆ ಆಯಿತಲ್ಲ ಎಂದ ಒಬ್ಬ ಹುಡುಗ. ಖಾಲಿ ರಸ್ತೆಯಲ್ಲಿ 60 ಕಿಲೋಮೀಟರನ್ನು 60ರ ಬದಲು 80ರ ವೇಗದಲ್ಲಿ ಓಡಿದರೆ ಉಳಿಯುವುದು ಹದಿನೈದೇ ನಿಮಿಷ. ಅದು ಒಂದು ಟೀ ಕುಡಿಯುವ ಹೊತ್ತು.

ಎರಡನೆಯದು ಸೀಟಿನ ಮೇಲೆ ಕೂರುವ ಹೊತ್ತು. ದಿನಕ್ಕೆ ಐದೂವರೆಯಿಂದ ಆರು ಗಂಟೆ ಸಾಕು ಎಂದು ಒಪ್ಪಿದೆವು. ಗಂಟೆಗೆ 40ರಂತೆ ಅದು 220ರಿಂದ 240 ಕಿಲೋಮೀಟರ್. ಜೋಡಿಯಾಗಿ ಹೋಗುವ ಸಂಸಾರಸ್ಥರಿಗೆ ಇದು ಹಿತವಾದ ದೂರ. ಒಂಟಿ ಹುಡುಗ 300 ಓಡಿಸಬಹುದು, ಅರವತ್ತರ ಹತ್ತಿರದವರಿಗೆ 150 ಸಾಕು.

ಮೂರನೆಯದು ನಿಲುಗಡೆ. ಒಂದೂವರೆ ಗಂಟೆಗೊಮ್ಮೆ, ಅಂದರೆ ಸುಮಾರು 60 ಕಿಲೋಮೀಟರಿಗೆ ಒಮ್ಮೆ, ದಣಿವಾಗಲಿ ಆಗದಿರಲಿ, ಇಪ್ಪತ್ತು ನಿಮಿಷ ಇಳಿದು ನಡೆಯಬೇಕು, ನೀರು ಕುಡಿಯಬೇಕು. ದಾರಿಯಲ್ಲಿ ಶೌಚಾಲಯ ಸಿಗದು ಎಂದು ನಮ್ಮ ಹೆಣ್ಣುಮಕ್ಕಳು ನೀರೇ ಕುಡಿಯದೆ ಕೂರುತ್ತಾರೆ. ತಲೆನೋವು, ಸುಸ್ತು ಅಲ್ಲಿಂದಲೇ ಶುರು. ಆದ್ದರಿಂದ ಶೌಚಾಲಯ ಚೆನ್ನಾಗಿರುವ ಹೋಟೆಲು, ಪೆಟ್ರೋಲ್ ಬಂಕುಗಳಲ್ಲೇ ನಿಲ್ಲುವುದು ಎಂದು ಮೊದಲೇ ಗೊತ್ತುಮಾಡಿಕೊಂಡೆವು.

ನಾಲ್ಕನೆಯದು ನಿದ್ದೆ. ನಡುರಾತ್ರಿ ಕಳೆದು ಬೆಳಗಿನ ಆರರವರೆಗೆ, ಮತ್ತೆ ಮಧ್ಯಾಹ್ನ ಊಟದ ನಂತರ, ದೇಹ ತಾನಾಗಿಯೇ ನಿದ್ದೆಗೆ ಎಳೆಯುತ್ತದೆ. ಗಂಟೆಗೆ 60ರ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಮೂರು ಸೆಕೆಂಡು ರೆಪ್ಪೆ ಮುಚ್ಚಿದರೆ 50 ಮೀಟರ್ ಓಡಿಸುವವರಿಲ್ಲದ ಬೈಕು. ಪದೇಪದೇ ಆಕಳಿಕೆ, ಕತ್ತು ಜೋಲುವುದು, ಈಗಷ್ಟೇ ದಾಟಿದ ಊರು ಯಾವುದೆಂದು ನೆನಪಾಗದಿರುವುದು, ಇವು ಕಂಡರೆ ನಿಲ್ಲಿಸಲೇಬೇಕು. ಮುಖಕ್ಕೆ ನೀರು ಚಿಮುಕಿಸಿಕೊಳ್ಳುವುದು, ಜೋರಾಗಿ ಹಾಡುವುದು ನಿದ್ದೆಗೆ ಮದ್ದಲ್ಲ. ಟೀ ಕುಡಿದರೂ ಅದು ಕೆಲಸ ಮಾಡಲು ಅರ್ಧ ಗಂಟೆ ಬೇಕು. ಟೀ ಕುಡಿದು ಇಪ್ಪತ್ತು ನಿಮಿಷ ಮಲಗಿ ಎದ್ದರೆ ಮಾತ್ರ ಪ್ರಯೋಜನ.

ನಿಮ್ಮ ಮೈಯ ಮೈಲೇಜು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಪ್ರಯಾಣಕ್ಕೆ ಒಂದು ತಿಂಗಳ ಮುಂಚೆ ಒಂದು ಶನಿವಾರ ಜೋಡಿಯಾಗಿ ಧರ್ಮಪುರಿಗೆ ಹೋಗಿ ಬನ್ನಿ. ಹೋಗಿ ಬರಲು ಸುಮಾರು 200 ಕಿಲೋಮೀಟರ್. ಮರುದಿನ ಬೆಳಗ್ಗೆ ಇಬ್ಬರೂ ಹಾಯಾಗಿ ಎದ್ದು ಪೂಜೆಗೆ ಬಂದರೆ ಅಷ್ಟು ದೂರ ನಿಮಗೆ ಸಲೀಸು. ಒಬ್ಬರಿಗಾದರೂ ಸೊಂಟ ಹಿಡಿದರೆ ಅದರ ಮುಕ್ಕಾಲು ಭಾಗವನ್ನೇ ದಿನದ ಮಿತಿ ಎಂದಿಟ್ಟುಕೊಳ್ಳಿ.

ಎರಡು ದಿನದ ದಾರಿ

ಎರಡನೆಯ ಸಲ ದಾರಿಯನ್ನು ನಾಮಕ್ಕಲ್‌ನಲ್ಲಿ ಎರಡು ಮಾಡಿದೆವು. ಹೊಸೂರಿನಿಂದ ಅಲ್ಲಿಗೆ ಸುಮಾರು 215 ಕಿಲೋಮೀಟರ್. ತಿರುಚ್ಚಿವರೆಗೂ ಹೋಗೋಣ ಎಂದು ಹುಡುಗರ ಹಟ. ಆಗ ನಮ್ಮ ಗುಂಪಿನ ಹಿರಿಯರಾದ ಮಾವ, "ಅಲ್ಲಪ್ಪ, ನನ್ನ ಸೊಂಟ ನಾಮಕ್ಕಲ್‌ವರೆಗೇ ಟಿಕೆಟ್ ತಗೊಂಡಿದೆ" ಎಂದರು. ಎಲ್ಲರೂ ನಕ್ಕು ಒಪ್ಪಿಕೊಂಡೆವು.

ಬೆಳಗ್ಗೆ ಆರಕ್ಕೆ ಚರ್ಚಿನ ಮುಂದೆ ಪ್ರಾರ್ಥನೆ ಮಾಡಿ ಹೊರಟೆವು. ಕೃಷ್ಣಗಿರಿಯಲ್ಲಿ ಟೀ, ಧರ್ಮಪುರಿಯಲ್ಲಿ ತಿಂಡಿ. ಧರ್ಮಪುರಿ ಮತ್ತು ಸೇಲಂ ನಡುವೆ ತೊಪ್ಪೂರು ಘಾಟಿ ಬರುತ್ತದೆ. ಸೇಲಂ ಕಡೆಗೆ ಹೋಗುವಾಗ ಅದು ಇಳಿಜಾರು. ಭಾರದ ಲಾರಿಗಳು ಬ್ರೇಕು ಹಿಡಿಯದೆ ಮುಂದಿನ ಗಾಡಿಗಳಿಗೆ ಗುದ್ದಿದ ಅಪಘಾತಗಳು ಅಲ್ಲಿ ಎಷ್ಟೋ ಆಗಿವೆ. ಅಂಥ ಜಾಗವನ್ನು ಬೆಳಕಿರುವಾಗ, ಮೈ ಹೊಸದಾಗಿರುವಾಗ, ಹೊಟ್ಟೆ ತುಂಬಿರುವಾಗ ದಾಟಬೇಕು. ಮೊದಲ ಸಲ ಅದನ್ನು ನಡುರಾತ್ರಿಯಲ್ಲಿ ದಾಟಿದ್ದೆವು. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಘಾಟಿ ಇಳಿದರೆ ಹವೆಯೇ ಬೇರೆ. ನಮ್ಮ ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಸೇಲಂ ಬಹಳ ಕೆಳಗೆ. ತಂಪಿನಲ್ಲಿ ಹೊರಟವರಿಗೆ ಹತ್ತು ಗಂಟೆಯ ಬಿಸಿಲು ಬಡಿಯುತ್ತದೆ. ಹೊಸೂರಿನ ನೂರು ಕಿಲೋಮೀಟರೂ ನಾಮಕ್ಕಲ್‌ನ ನೂರು ಕಿಲೋಮೀಟರೂ ಮೈಗೆ ಒಂದೇ ಅಲ್ಲ. ಒಂದೂವರೆಯ ಹೊತ್ತಿಗೆ ನಾಮಕ್ಕಲ್ ಸೇರಿ, ಊಟ ಮಾಡಿ, ಬಿಸಿಲೆಲ್ಲ ಕಳೆಯುವವರೆಗೆ ಮಲಗಿದೆವು. ಸಂಜೆ ಬೈಕುಗಳ ಚೈನಿಗೆ ಎಣ್ಣೆ, ಟೈರಿಗೆ ಗಾಳಿ. ಇಬ್ಬರು ಕೂರುವಾಗ ಹಿಂದಿನ ಟೈರಿಗೆ ಗಾಳಿ ಹೆಚ್ಚು ಬೇಕು; ಎಷ್ಟೆಂದು ಗಾಡಿಯ ಪುಸ್ತಕದಲ್ಲಿರುತ್ತದೆ.

ಎರಡನೆಯ ದಿನ ಸುಮಾರು 240 ಕಿಲೋಮೀಟರ್. ಮುಸಿರಿ ಮೇಲೆ ತಿರುಚ್ಚಿ, ಅಲ್ಲಿಂದ ತಂಜಾವೂರು, ತಿರುವಾರೂರು, ನಾಗಪಟ್ಟಿಣಂ. ಕಾವೇರಿ ಬಯಲಿನಲ್ಲಿ ರಸ್ತೆ ಸಮತಟ್ಟು. ಆದರೆ ಅಲ್ಲಿ ವೇಗ ಇನ್ನೂ ಕಡಿಮೆ ಇರಬೇಕು. ಕೆಲವು ಕಡೆ ರಸ್ತೆಯ ಮೇಲೆಯೇ ಭತ್ತ ಒಣಗಿಸುತ್ತಾರೆ, ದನಗಳು ಅಡ್ಡ ಬರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಹಬ್ಬದ ದಿನಗಳಲ್ಲಿ ರಸ್ತೆಯ ಅಂಚಿನುದ್ದಕ್ಕೂ ನಡೆದು ಹೋಗುವ ಹರಕೆಯವರು. ಹಿಂದಿನ ವರ್ಷ ಬೈಕು ಬಿದ್ದ ಜಾಗದಲ್ಲಿ ನಿಂತು ಒಂದು ಜಪಸರ ಹೇಳಿದೆವು. ಎರಡು ಗಂಟೆಗೆಲ್ಲ ವೇಲಾಂಕಣಿ. ಸ್ನಾನ, ಊಟ, ನಿದ್ದೆ. ಸಂಜೆಯ ಬಲಿಪೂಜೆಯಲ್ಲಿ ಹತ್ತೂ ಜನ ಎಚ್ಚರವಾಗಿದ್ದೆವು.

ಬೇರೆ ಕಡೆಯ ನಮ್ಮವರಿಗೆ

ಕಾಸರಗೋಡಿನಿಂದ ಹಳೆ ಗೋವಾದ ಸಂತ ಫ್ರಾನ್ಸಿಸ್ ಕ್ಸೇವಿಯರರ ಸನ್ನಿಧಿಗೆ ಕರಾವಳಿ ಹೆದ್ದಾರಿಯಲ್ಲಿ ಸುಮಾರು 400 ಕಿಲೋಮೀಟರ್. ಇದನ್ನೂ ಒಂದೇ ದಿನ ಓಡಿಸುವವರಿದ್ದಾರೆ. ಹೊನ್ನಾವರದಲ್ಲಿ ರಾತ್ರಿ ಉಳಿದರೆ ಮೊದಲ ದಿನ 230ರ ಆಸುಪಾಸು, ಎರಡನೆಯ ದಿನ ಅದಕ್ಕಿಂತ ಕಡಿಮೆ. ಡಿಸೆಂಬರ್ 3ರ ಹಬ್ಬದ ಹೊತ್ತಿಗೆ ಮಳೆಯ ಕಾಟವೂ ಇರುವುದಿಲ್ಲ.

ಸೊಲ್ಲಾಪುರದಿಂದ ಮುಂಬೈ ಬಾಂದ್ರಾದ ಮೌಂಟ್ ಮೇರಿಗೆ ಹೋಗುವವರಿಗೂ ದೂರ ಸುಮಾರು 400. ಪುಣೆವರೆಗೆ 250 ಕಿಲೋಮೀಟರ್ ಮೊದಲ ದಿನಕ್ಕೆ ಸಾಕು. ಮುಂಬೈ-ಪುಣೆ ಎಕ್ಸ್‌ಪ್ರೆಸ್ ದಾರಿಯಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ಹಳೆಯ ಹೆದ್ದಾರಿಯಲ್ಲಿ ಖಂಡಾಳ ಘಾಟಿ ಇಳಿದೇ ಹೋಗಬೇಕು. ಸೆಪ್ಟೆಂಬರಿನಲ್ಲಿ ಅಲ್ಲಿ ಮಳೆ, ಮಂಜು ಇರುತ್ತದೆ. ಆದ್ದರಿಂದ ಎರಡನೆಯ ದಿನದ 150 ಕಿಲೋಮೀಟರನ್ನು 200 ಎಂದೇ ಎಣಿಸಿ.

ಪುಟ್ಟ ಮಕ್ಕಳಿರುವ ಮನೆಯವರಿಗೆ ಒಂದು ಮಾತು. ನಾಲ್ಕು ವರ್ಷದೊಳಗಿನ ಮಗು ಬೈಕಿನಲ್ಲಿದ್ದರೆ ಹೆಲ್ಮೆಟ್ ಮತ್ತು ಓಡಿಸುವವರಿಗೆ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿ ಇರಬೇಕು, ವೇಗ 40 ಮೀರಬಾರದು ಎಂದು 2022ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಹೆದ್ದಾರಿಯಲ್ಲಿ ನೂರಾರು ಕಿಲೋಮೀಟರ್ ಹೋಗಲು ಅದು ಸಾಧನವಲ್ಲ. ಮಗು ದೊಡ್ಡದಾಗುವವರೆಗೆ ರೈಲು ಹಿಡಿಯಿರಿ. ಆರೋಗ್ಯಮಾತೆ ತಾಯಿಯಲ್ಲವೇ? ತಪ್ಪು ತಿಳಿಯುವುದಿಲ್ಲ.

ವಾಪಸು ದಾರಿ ಮರೆಯಬೇಡಿ

ಹೋಗುವ ದಾರಿಯನ್ನು ಎಲ್ಲರೂ ಯೋಜಿಸುತ್ತೇವೆ. ಬರುವಾಗ ಮಾತ್ರ, "ಬಂದ ದಾರಿ ತಾನೇ, ಒಂದೇ ಏಟಿಗೆ ಹೋಗಿಬಿಡೋಣ" ಎನ್ನುತ್ತೇವೆ. ನಾಳೆ ಕೆಲಸಕ್ಕೆ ಹೋಗಬೇಕು, ಮಕ್ಕಳು ಕಾಯುತ್ತಿದ್ದಾರೆ. ಮೈ ಆಗಲೇ ದಣಿದಿರುತ್ತದೆ, ಹರಕೆ ತೀರಿತೆಂದು ಮನಸ್ಸೂ ಸಡಿಲಾಗಿರುತ್ತದೆ. ಆದ್ದರಿಂದ ಬರುವಾಗ ದಿನದ ದೂರ ಹೋಗುವಾಗಿನದಕ್ಕಿಂತ ಹೆಚ್ಚಿರಬಾರದು. ಊರು ಸೇರಿದ ಮೇಲೆ ಒಂದು ದಿನ ರಜೆ ಉಳಿದಿರಬೇಕು. ಹೀಗೆ ನಮ್ಮ ಪ್ರಯಾಣಕ್ಕೆ ಒಟ್ಟು ಆರು ದಿನ ಹಿಡಿಯಿತು: ಹೋಗಲು ಎರಡು, ಅಲ್ಲಿ ಒಂದು, ಬರಲು ಎರಡು, ಮನೆಯಲ್ಲಿ ಒಂದು. ಅಷ್ಟು ರಜೆ ಸಿಗದ ವರ್ಷ ಬಸ್ಸಿನಲ್ಲಿ ಹೋಗುವುದು ಎಂದು ತೀರ್ಮಾನಿಸಿದ್ದೇವೆ.

ದಾರಿಯಲ್ಲಿ ಏನಾದರೂ ಆದರೆ ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033. ಎರಡನ್ನೂ ಓಡಿಸುವವರ ಫೋನಿನಲ್ಲಿ ಮಾತ್ರವಲ್ಲ, ಹಿಂದೆ ಕೂತವರ ಫೋನಿನಲ್ಲೂ ಬರೆದಿಡಿ.

ಕೊನೆಗೊಂದು ಮಾತು. ಅಂದು ಬಿದ್ದ ಆ ಹುಡುಗನಿಗೆ ಈಗ ಮದುವೆಯಾಗಿದೆ. ಕಳೆದ ಸಲ ಹೊರಡುವಾಗ ಅವನು ಕಿಕ್ ಹೊಡೆಯುವ ಮುನ್ನ ಹಿಂದಕ್ಕೆ ತಿರುಗಿ ಹೆಂಡತಿಯನ್ನು ಕೇಳಿದ: "ಇವತ್ತು ಎಷ್ಟು ದೂರ ಆಗುತ್ತೆ ನಿನಗೆ?" ಅವಳು ಹೇಳಿದಷ್ಟೇ ದೂರ ನಾವೆಲ್ಲರೂ ಹೋದೆವು. ಈ ಹಬ್ಬಕ್ಕೆ ಹೊರಡುವ ಪ್ರತಿ ಮನೆಯಲ್ಲೂ ಆ ಪ್ರಶ್ನೆ ಕೇಳಿಬರಲಿ. ಆರೋಗ್ಯಮಾತೆ ನಮ್ಮೆಲ್ಲರನ್ನೂ ಕಾಯಲಿ, ದಾರಿ ಬದಿಯಲ್ಲಿ ನಡೆಯುವವರನ್ನೂ ಕಾಯಲಿ.